ನೀರಿನ ತಕರಾರಿನಲ್ಲಿ ಎದುರುಬದುರು ಕೂತು ಆಡುವ ಮಾತು

(ಸಭಾಸದರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಬೀಜ, ಗೊಬ್ಬರ, ಕುಳೆ ಕಬ್ಬಿನ ವಿಷಯ ಕೇಳಿದ್ದೀರಿ. ನನಗೆ ಒಪ್ಪಿಸಿದ ವಿಷಯ ಬೇರೆ. ಒಂದು ಸಾರ್ವಜನಿಕ ಪ್ರಶ್ನೆಯ ಮೇಲೆ ಜನ ಎರಡು ಪಕ್ಷವಾಗಿ ನಿಂತಾಗ ಅವರನ್ನು ಒಂದೆಡೆ ಕೂರಿಸಿ ಮಾತಾಡಿಸುವುದು ಹೇಗೆ? ಇದನ್ನು ಬರೀ ಉಪದೇಶ ಮಾಡಿದರೆ ಊಟದ ಹೊತ್ತಿಗೆ ನೀವು ಮರೆಯುತ್ತೀರಿ. ಆದ್ದರಿಂದ ನಡೆದ ಒಂದು ಸಂಗತಿಯನ್ನೇ ಹೇಳುತ್ತೇನೆ. ಅದು ಕಾವೇರಿಯದು, ನಮ್ಮ ಭೀಮೆಯದಲ್ಲ. ಆದರೆ ಕಾಲುವೆಯ ತಲೆಯಲ್ಲಿರುವವನಿಗೂ ಬಾಲದಲ್ಲಿರುವವನಿಗೂ ನಡೆಯುವ ಜಗಳ ಯಾವ ಹೊಳೆಯ ಮೇಲಾದರೂ ಒಂದೇ ಬಗೆಯದು.

ಕಾವೇರಿ ನ್ಯಾಯಮಂಡಳಿ ನೇಮಕವಾದದ್ದು ೧೯೯೦ರಲ್ಲಿ. ಮರುವರ್ಷ ಜೂನಿನಲ್ಲಿ ಅದು ತಮಿಳುನಾಡಿಗೆ ವರ್ಷಕ್ಕೆ ೨೦೫ ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ೧೯೯೧ರ ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ಗಲಭೆಯಾಗಿ ಜೀವಗಳೂ ಹೋದವು. ಮುಂದೆ ೨೦೦೨ರಲ್ಲಿ ಮಳೆ ಕೈಕೊಟ್ಟಾಗ ಹಳೆಯ ಗಾಯ ಮತ್ತೆ ಹಸಿಯಾಯಿತು.

ಇಂಥ ಹೊತ್ತಿನಲ್ಲಿ, ೨೦೦೩ರಲ್ಲಿ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅವರು ಎರಡೂ ರಾಜ್ಯಗಳ ರೈತರನ್ನು ಕರೆಸಿದರು. ಈ ಕಡೆಯಿಂದ ರೈತ ಸಂಘದ ಕೆ. ಎಸ್. ಪುಟ್ಟಣ್ಣಯ್ಯ, ಆ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್ ಅವರಂಥವರು ಇದ್ದರು. ಕೂಟಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಾಯಿತು. ಕರೆದವರು ಮದ್ರಾಸಿನವರು, ಅವರು ಆ ಕಡೆಯವರೇ ಎಂದು ಕರ್ನಾಟಕದ ರೈತ ಅನುಮಾನ ಪಡಬಹುದಿತ್ತು. ಮೊದಲ ಸಭೆ ಅಲ್ಲಿ ಆದ ಮೇಲೆ ಎರಡನೆಯದು ಬೆಂಗಳೂರಿನಲ್ಲಿ ಆಯಿತು. ಇದನ್ನು ನಾನು ಸಣ್ಣ ಮಾತೆಂದು ಎಣಿಸುವುದಿಲ್ಲ. ಯಾರ ಅಂಗಳದಲ್ಲಿ ಕೂರುತ್ತೇವೆ ಎಂಬುದರಲ್ಲೇ ಅರ್ಧ ಮಾತು ನಡೆದು ಹೋಗಿರುತ್ತದೆ.

ಅಷ್ಟಕ್ಕೇ ನಿಲ್ಲದೆ ರೈತರು ಪರಸ್ಪರರ ಸೀಮೆಗೆ ಹೋಗಿ ಹೊಲ, ಕಾಲುವೆ, ಆಣೆಕಟ್ಟು ನೋಡಿ ಬಂದರು. ಇದು ಯಾಕೆ ಬೇಕು ಎಂಬುದಕ್ಕೆ ಒಂದು ತಾರೀಖು ಸಾಕು. ತಂಜಾವೂರು ಸೀಮೆಯ ಕುರುವೈ ಭತ್ತಕ್ಕೆ ಮೆಟ್ಟೂರಿನ ಬಾಗಿಲು ತೆಗೆಯುವ ವಾಡಿಕೆಯ ದಿನ ಜೂನ್ ೧೨. ಅವರ ದೊಡ್ಡ ಮಳೆ ಬರುವುದು ಅಕ್ಟೋಬರಿನ ನಂತರ. ಅಲ್ಲಿಯವರೆಗೆ ಹೊಳೆಯೇ ಗತಿ. ಇತ್ತ ಮಂಡ್ಯದ ಭತ್ತ, ಕಬ್ಬಿನ ರೈತ ಮುಂಗಾರಿನಲ್ಲಿ ಕನ್ನಂಬಾಡಿ ತುಂಬಲೆಂದು ಕಾಯುವುದೂ ಅದೇ ತಿಂಗಳುಗಳಲ್ಲಿ. ಒಳ್ಳೆಯ ಮಳೆಯ ವರ್ಷ ಜಗಳವೇ ಇಲ್ಲ. ಬರಗಾಲದ ವರ್ಷ ಇಬ್ಬರ ಗಂಟಲೂ ಒಟ್ಟಿಗೇ ಒಣಗುತ್ತದೆ. ಬಾಯಿಂದ ಕೇಳಿದರೆ ಇದು ವಾದವೆನಿಸುತ್ತದೆ, ಬಿರಿದ ಗದ್ದೆಯಲ್ಲಿ ನಿಂತು ನೋಡಿದರೆ ಹಾಗೆನಿಸುವುದಿಲ್ಲ.

ಹಾಗಾದರೆ ಜಗಳ ತೀರಿತೇ ಎಂದು ನೀವು ಕೇಳಬೇಕು. ತೀರಲಿಲ್ಲ. ಸಂಕಷ್ಟದ ವರ್ಷದ ಹಂಚಿಕೆಗೆ ಎರಡೂ ಸರಕಾರಗಳು ಒಪ್ಪುವ ಸೂತ್ರ ಆ ಕೂಟದಿಂದ ಬರಲಿಲ್ಲ. ೨೦೦೭ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು, ೨೦೧೬ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಗಲಭೆ, ೨೦೧೮ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಇಷ್ಟೆಲ್ಲ ಆಯಿತು. ಮಾತಾಡಿದ ರೈತರ ಕೈಯಲ್ಲಿ ಆಣೆಕಟ್ಟಿನ ಕೀಲಿ ಇರಲಿಲ್ಲ. ಆದರೂ ಬರಗಾಲದ ಬೆನ್ನಿಗೇ ಎರಡೂ ಕಡೆಯ ರೈತರು ಒಂದು ಕೋಣೆಯಲ್ಲಿ ಕೂತದ್ದು ಕಡಿಮೆ ಮಾತಲ್ಲ. ಸಂವಾದವೆಂದರೆ ರಾಜಿಪತ್ರ ಎಂದು ತಿಳಿದವರು ಮೊದಲ ಸಭೆಯಲ್ಲೇ ನಿರಾಶರಾಗಿ ಎದ್ದು ಹೋಗುತ್ತಾರೆ. ಅಂಥವರನ್ನು ಕರೆಯದಿರುವುದು ಲೇಸು.

ಇನ್ನು ಲೆಕ್ಕದ ಮಾತು. ನೀರಿನ ಸಭೆಯಲ್ಲಿ ಟಿಎಂಸಿ ಎಂಬ ಶಬ್ದ ನೂರು ಸಲ ಕೇಳುತ್ತೀರಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸುಮಾರು ೨೩ ಸಾವಿರ ಎಕರೆಯಲ್ಲಿ ಒಂದು ಅಡಿ ನಿಲ್ಲಿಸುವಷ್ಟು ನೀರು. ಕಬ್ಬಿಗೆ ಬೆಳೆ ಮುಗಿಯುವಷ್ಟರಲ್ಲಿ ಐದರಿಂದ ಎಂಟು ಅಡಿ ಬೇಕು. ನೀವೇ ಭಾಗಿಸಿ ನೋಡಿರಿ. ನಮ್ಮ ಉಜನಿಯಲ್ಲಿ ಒಟ್ಟು ೧೧೭ ಟಿಎಂಸಿ ಎನ್ನುತ್ತಾರೆ. ಅದರಲ್ಲಿ ೬೩ಕ್ಕೂ ಹೆಚ್ಚು ಮೃತ ಸಂಗ್ರಹ, ಉಪಯುಕ್ತ ನೀರು ೫೩ರ ಮೇಲೆ ಸ್ವಲ್ಪ. ೨೦೨೧ರಲ್ಲಿ ಇಂದಾಪುರಕ್ಕೆ ೫ ಟಿಎಂಸಿ ಒಯ್ಯುವ ಮಾತಿಗೆ ಸೊಲ್ಲಾಪುರ ಜಿಲ್ಲೆ ಎದ್ದು ನಿಂತಿತು, ಸರಕಾರ ಆ ಆದೇಶ ಹಿಂತೆಗೆದುಕೊಂಡಿತು. ಒಬ್ಬ ೧೧೭ರ ಲೆಕ್ಕ ಹಿಡಿದು, ಇನ್ನೊಬ್ಬ ೫೩ರ ಲೆಕ್ಕ ಹಿಡಿದು ಕೂತರೆ ಇಡೀ ರಾತ್ರಿ ಕೂಗಾಡಿದರೂ ಒಬ್ಬರ ಮಾತು ಒಬ್ಬರಿಗೆ ತಟ್ಟುವುದಿಲ್ಲ. ಬೇಡಿಕೆ ಆಮೇಲೆ ಇರಲಿ, ಅಂಕಿ ಮೊದಲು ಒಂದಾಗಲಿ. ಕಾರಖಾನೆಯ ಕಾಟಾದ ಮೇಲೆ ವಿಶ್ವಾಸವಿಲ್ಲದಿದ್ದರೆ ದರದ ಮಾತು ಆಡುವುದಾದರೂ ಹೇಗೆ?

ಈಗ ನಿಮ್ಮ ಬಾಗಿಲಿನ ಪ್ರಶ್ನೆಗೆ ಬರುತ್ತೇನೆ. ಆಲಮಟ್ಟಿಯ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ ೨೦೧೦ರಲ್ಲಿ ಒಪ್ಪಿದೆ. ಸಾಂಗಲಿ, ಕೊಲ್ಹಾಪುರದವರಿಗೆ ೨೦೦೫ ಮತ್ತು ೨೦೧೯ರ ಮಹಾಪೂರದ ಹೆದರಿಕೆ. ವಿಜಯಪುರ, ಬಾಗಲಕೋಟೆಯವರಿಗೆ ಬರಬೇಕಾದ ನೀರಿನ ಹಂಬಲ. ಜತ್ತ, ಅಕ್ಕಲಕೋಟೆಯ ನೀವು ಎರಡೂ ಭಾಷೆ ಬಲ್ಲವರು. ಎರಡೂ ಕಡೆ ಬೀಗರಿದ್ದಾರೆ, ಎರಡೂ ಕಡೆಯ ಪತ್ರಿಕೆ ಓದುತ್ತೀರಿ. ಹಾಗೆಂದು ಪಂಚರಾಗಿ ತೀರ್ಪು ಕೊಡಲು ಹೋಗಬೇಡಿರಿ. ಕೂರಿಸುವವನು ತೀರ್ಪುಗಾರನಾದರೆ ಮಾತು ಮತ್ತೆ ಕೋರ್ಟಾಗುತ್ತದೆ.

ಹಂಗಾಮು ಮುಗಿದು ಮಳೆ ಬರುವುದಕ್ಕೆ ಮೊದಲು, ಹೊಳೆಯ ತಳ ಕಾಣುವ ಏಪ್ರಿಲ್-ಮೇ ತಿಂಗಳಲ್ಲಿ ಸೇರುವುದು ಒಳ್ಳೆಯದು. ಆಗ ಮಹಾಪೂರದ ದಿಗಿಲಿರುವುದಿಲ್ಲ. ಚುನಾವಣೆಯ ವರ್ಷ ಬೇಡ. ಆ ಕಡೆಯ ಐವರು, ಈ ಕಡೆಯ ಐವರು ಸಾಕು. ಒಬ್ಬನು ತನ್ನ ಉತ್ತರ ಹೇಳುವ ಮೊದಲು ಎದುರಿನವನ ಮಾತನ್ನು ತಾನೇ ತಿರುಗಿ ಹೇಳಲಿ. ಎದುರಿನವನು “ಹೌದು, ನಾ ಹೇಳಿದ್ದು ಇದೇ” ಎಂದ ಮೇಲಷ್ಟೇ ಮುಂದಿನ ಮಾತು. ಇದು ಬೇಸರದ ಕೆಲಸ, ಹೊತ್ತು ಹಿಡಿಯುತ್ತದೆ. ಚಹಾ ಎರಡು ಸಲ ಆಗಲಿ. ಮೊದಲ ದಿನ ಬಾಗಿಲಿನ ಎತ್ತರದ ಮಾತು ತೆಗೆಯಬೇಡಿರಿ. ೨೦೧೯ರ ಆಗಸ್ಟಿನಲ್ಲಿ ನಿಮ್ಮ ಕಬ್ಬಿನಲ್ಲಿ ನೀರು ಎಷ್ಟು ದಿನ ನಿಂತಿತ್ತು ಎಂದು ಸಾಂಗಲಿಯವರನ್ನು ಕೇಳಿರಿ. ಆಣೆಕಟ್ಟಿಗೆ ನಿಮ್ಮದು ಎಷ್ಟು ಎಕರೆ ಹೋಯಿತು, ಕಾಲುವೆಯ ನೀರು ಯಾವ ತಿಂಗಳಲ್ಲಿ ನಿಮ್ಮ ಹೊಲ ಮುಟ್ಟುತ್ತದೆ ಎಂದು ವಿಜಯಪುರ, ಬಾಗಲಕೋಟೆಯವರನ್ನು ಕೇಳಿರಿ. ಉತ್ತರಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಂಡು, ಹತ್ತೂ ಜನರಿಗೆ ಓದಿ ಹೇಳಿ, ಮುಂದಿನ ಸಭೆ ಯಾರ ಊರಿನಲ್ಲಿ ಎಂದು ಗೊತ್ತು ಮಾಡಿಕೊಂಡು ಏಳಿರಿ.