ಮಾತಿಗೆ ಮಾತು ಕಟ್ಟುವ ಬಗೆ

ಮಕ್ಕಳೇ, ವಿಜ್ಞಾನ ಎಂದಕೂಡಲೇ ಎಲೆ, ಹುಳು, ನಕ್ಷತ್ರ ನೆನಪಾಗುತ್ತವೆ, ಅಲ್ಲವೇ? ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಕಣ್ಣು ಮುಚ್ಚುವವರೆಗೂ ನಾವು ಆಡುವ ಮಾತನ್ನೂ ಹಾಗೆಯೇ ಬಿಡಿಸಿ ನೋಡಬಹುದು. ಆ ವಿಜ್ಞಾನಕ್ಕೆ ಭಾಷಾವಿಜ್ಞಾನ ಎಂದು ಹೆಸರು. ಅದಕ್ಕೆ ದುರ್ಬೀನು ಬೇಡ, ಪ್ರಯೋಗಶಾಲೆ ಬೇಡ. ಕಿವಿ ಚುರುಕಾಗಿದ್ದರೆ ಸಾಕು. ಬನ್ನಿ, ಇವತ್ತು ನೀವೂ ನಾನೂ ಸೇರಿ ಒಂದು ವಾಕ್ಯವನ್ನು ಬಿಚ್ಚಿ ನೋಡೋಣ.

ನಮ್ಮ ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಇಂಥ ಮಾತು ಕೇಳಿಸುತ್ತದೆ: "ಅಪ್ಪ ಹೊಲಕ್ಕೆ ಹೋಗಿ, ಆಲೂಗಡ್ಡೆ ಕೀಳಿಸಿ, ಮೂಟೆಗೆ ತುಂಬಿ, ಮಾರ್ಕೆಟ್ಟಿಗೆ ಕಳಿಸಿದರು." ಬಾಯಿಬಿಟ್ಟು ನಿಧಾನವಾಗಿ ಇನ್ನೊಮ್ಮೆ ಓದಿ. ಅಪ್ಪ ಮಾಡಿದ ಕೆಲಸ ಎಷ್ಟು? ಹೋದರು, ಕೀಳಿಸಿದರು, ತುಂಬಿದರು, ಕಳಿಸಿದರು. ಒಟ್ಟು ನಾಲ್ಕು.

ಆದರೆ ವಾಕ್ಯದಲ್ಲಿ ‘ದರು’ ಎಷ್ಟು ಕಡೆ ಇದೆ ನೋಡಿ. ಒಂದೇ ಕಡೆ, ಕಟ್ಟಕಡೆಯಲ್ಲಿ! ಮೊದಲಿನ ಮೂರು ಕೆಲಸಗಳು ‘ಹೋಗಿ’, ‘ಕೀಳಿಸಿ’, ‘ತುಂಬಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂಬುದನ್ನು ಹೇಳುವ ಕೆಲಸವನ್ನೆಲ್ಲ ಕೊನೆಯ ಮಾತಿಗೆ ಬಿಟ್ಟುಕೊಡುತ್ತವೆ.

ಇದು ನಿಜವೋ ಅಲ್ಲವೋ ಎಂದು ಈಗಲೇ ಪರೀಕ್ಷೆ ಮಾಡಬಹುದು. ಅಪ್ಪನ ಜಾಗದಲ್ಲಿ ‘ನಾನು’ ಎಂದು ಹಾಕಿ, ಕೊನೆಯಲ್ಲಿ ‘ನಾಳೆ ಕಳಿಸುತ್ತೇನೆ’ ಎನ್ನಿ. "ನಾನು ಹೊಲಕ್ಕೆ ಹೋಗಿ, ಆಲೂಗಡ್ಡೆ ಕೀಳಿಸಿ, ಮೂಟೆಗೆ ತುಂಬಿ, ನಾಳೆ ಕಳಿಸುತ್ತೇನೆ." ಅಪ್ಪ ಹೋಗಿ ನಾನು ಬಂದೆ, ನಿನ್ನೆ ಹೋಗಿ ನಾಳೆ ಬಂತು. ಆದರೂ ‘ಹೋಗಿ’, ‘ಕೀಳಿಸಿ’, ‘ತುಂಬಿ’ ಒಂದಿಷ್ಟೂ ಬದಲಾಗಲಿಲ್ಲ! ಕೊನೆಯ ಮಾತು ತಿರುಗಿದರೆ ಸಾಕು, ಇಡೀ ವಾಕ್ಯವೇ ಅದರ ಹಿಂದೆ ತಿರುಗುತ್ತದೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ನೋಡಬೇಕೇ? ಅಮ್ಮ ಹೂ ಕಟ್ಟುವಾಗ ಪಕ್ಕದಲ್ಲಿ ಕೂತು ಗಮನಿಸಿ. ಹೂವಿನ ತೊಟ್ಟಿಗೆ ಬಾಳೆನಾರು ಸುತ್ತಿ ಬಿಗಿಯುತ್ತಾರೆ, ಅದರ ಪಕ್ಕಕ್ಕೆ ಇನ್ನಷ್ಟು ಹೂವಿಟ್ಟು ಮತ್ತೆ ಸುತ್ತುತ್ತಾರೆ. ಮೊಳವೋ ಮಾರೋ ಆದಮೇಲೆ ಕೊನೆಯ ಗಂಟು ಹಾಕುತ್ತಾರೆ. ಆ ಗಂಟು ಬೀಳದಿದ್ದರೆ ತುದಿಯಿಂದ ಹೂ ಜಾರಲು ಶುರು. "ಅಜ್ಜಿ ಸಂತೆಗೆ ಹೋಗಿ, ಸೊಪ್ಪು ತಗೊಂಡು..." ಎಂದು ಯಾರಾದರೂ ಅಲ್ಲಿಗೇ ಬಿಟ್ಟರೆ ನೀವು "ಆಮೇಲೆ?" ಎಂದು ಕೇಳೇ ಕೇಳುತ್ತೀರಿ. ಏಕೆಂದರೆ ಕೊನೆಯ ಗಂಟು ಇನ್ನೂ ಬಿದ್ದಿಲ್ಲ.

ಕನ್ನಡದಲ್ಲಿ ಸುತ್ತು ಹಾಕುವ ಬಗೆ ಒಂದೇ ಅಲ್ಲ. ಮಳೆ ಬರುವುದನ್ನೇ ತೆಗೆದುಕೊಳ್ಳಿ. ಮಳೆ ಬಂದರೆ, ಮಳೆ ಬಂದರೂ, ಮಳೆ ಬಂದಾಗ, ಮಳೆ ಬಂದಿದ್ದರಿಂದ, ಮಳೆ ಬಾರದೆ. ಇಲ್ಲೆಲ್ಲ ‘ಬರು’ ಎಂಬ ಒಂದೇ ಮಾತಿನ ತುದಿ ಬದಲಾಗುತ್ತಿದೆ. ತುದಿ ಬದಲಾದ ಹಾಗೆ ಮುಂದೆ ಬರುವ ಸುದ್ದಿಯೊಂದಿಗೆ ಅದಕ್ಕಿರುವ ನಂಟೂ ಬದಲಾಗುತ್ತದೆ. ‘ಬಂದರೆ’ ಎಂದಾಗ ಇನ್ನೂ ಅನುಮಾನ. ‘ಬಂದರೂ’ ಎಂದಾಗ ಒಂದು ಹಟ. ‘ಬಂದಿದ್ದರಿಂದ’ ಎಂದಾಗ ಕಾರಣ.

ಈಗ ನಿಮ್ಮ ಇಂಗ್ಲಿಷ್ ಪಾಠದ ಪುಸ್ತಕ ತೆಗೆಯಿರಿ. ಅಲ್ಲಿ ಇಂಥ ವಾಕ್ಯ ಸಿಗುತ್ತದೆ: "ಮದರ್ ವೆಂಟ್ ಟು ದ ಮಾರ್ಕೆಟ್ ಆಂಡ್ ಶಿ ಬಾಟ್ ಗ್ರೀನ್ಸ್." ಇಲ್ಲಿ ‘ವೆಂಟ್’ ಎಂಬುದು ತಾನೇ ಪೂರ್ತಿ, ‘ಬಾಟ್’ ಎಂಬುದೂ ಪೂರ್ತಿ. ಎರಡೂ ನಿನ್ನೆಯ ಮಾತು ಎಂದು ತಾವೇ ಹೇಳುತ್ತವೆ. ಎರಡಕ್ಕೂ ಕೊನೆಯ ಗಂಟು ಆಗಲೇ ಬಿದ್ದಿದೆ. ಅವನ್ನು ಕೂಡಿಸಲು ನಡುವೆ ‘ಆಂಡ್’ ಎಂಬ ಬೇರೆಯದೇ ತುಂಡು ದಾರ ಬಂದಿದೆ. ಇಂಥ ದಾರದ ತುಂಡುಗಳನ್ನೇ ನಿಮ್ಮ ಮೇಷ್ಟ್ರು ಕಂಜಂಕ್ಷನ್ ಎಂದು ಕರೆಯುತ್ತಾರೆ.

ಇಂಗ್ಲಿಷಿನವರಿಗೂ ನಮ್ಮ ‘ಹೋಗಿ’ಯಂಥದ್ದು ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ‘ಹ್ಯಾವಿಂಗ್ ಗಾನ್’ ಎಂದು ಹೇಳಬಹುದು. ಆದರೆ ದಿನದ ಮಾತಿನಲ್ಲಿ ಅದು ಅಪರೂಪ, ಬಳಕೆಯೆಲ್ಲ ಬರವಣಿಗೆಯಲ್ಲೇ ಹೆಚ್ಚು. ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ಅವರಿಗೆ ‘ಆಂಡ್’ ಬೇಕು, ‘ಬಟ್’ ಬೇಕು, ‘ಸೋ’ ಬೇಕು.

ಈ ದಾರದ ತುಂಡುಗಳಲ್ಲಿ ಎರಡು ಜಾತಿ ಇವೆ. ಅದನ್ನು ಪತ್ತೆ ಮಾಡುವ ಆಟ ಹೇಳಿಕೊಡುತ್ತೇನೆ. "ವಿ ಸ್ಟೇಯ್ಡ್ ಅಟ್ ಹೋಮ್ ಬಿಕಾಸ್ ಇಟ್ ರೇನ್ಡ್" ಎಂಬ ವಾಕ್ಯದಲ್ಲಿ ‘ಬಿಕಾಸ್’ನಿಂದ ಹಿಡಿದು ಕೊನೆಯವರೆಗಿನ ತುಂಡನ್ನು ಎತ್ತಿ ಮುಂದಕ್ಕಿಡಿ. "ಬಿಕಾಸ್ ಇಟ್ ರೇನ್ಡ್, ವಿ ಸ್ಟೇಯ್ಡ್ ಅಟ್ ಹೋಮ್." ಚೆನ್ನಾಗಿಯೇ ಕೂತಿತು, ನಡುವೆ ಒಂದು ಅಲ್ಪವಿರಾಮ ಬಂತು ಅಷ್ಟೇ. ಈಗ "ಇಟ್ ರೇನ್ಡ್ ಆಂಡ್ ವಿ ಸ್ಟೇಯ್ಡ್ ಅಟ್ ಹೋಮ್" ಎಂಬುದರಲ್ಲಿ ‘ಆಂಡ್’ ತುಂಡನ್ನು ಎತ್ತಿ ಮುಂದಿಡಿ. "ಆಂಡ್ ವಿ ಸ್ಟೇಯ್ಡ್ ಅಟ್ ಹೋಮ್, ಇಟ್ ರೇನ್ಡ್." ಕಿವಿಗೆ ಹಿಡಿಸಿತೇ? ಇಲ್ಲ. ಆಂಡ್, ಬಟ್, ಆರ್ ಇವು ನಡುವೆಯೇ ನಿಲ್ಲುವ ಜಾತಿ. ಬಿಕಾಸ್, ಇಫ್, ವೆನ್, ಆಲ್ದೋ ಇವು ತಮ್ಮ ತುಂಡಿನ ಸಮೇತ ಮುಂದಕ್ಕೂ ಬರಬಲ್ಲ ಜಾತಿ.

ಇನ್ನೊಂದು ಸೊಗಸು ನೋಡಿ. "ಅಜ್ಜಿ ಬಂದು ನಾನು ಇಡ್ಲಿ ತಿಂದೆ" ಎಂದರೆ ಏನೋ ಎಡವಿದ ಹಾಗಾಗುತ್ತದೆ. ಬಂದದ್ದು ಒಬ್ಬರು, ತಿಂದದ್ದು ಇನ್ನೊಬ್ಬರು. ಆಗ ನಾವು "ಅಜ್ಜಿ ಬಂದಮೇಲೆ ನಾನು ಇಡ್ಲಿ ತಿಂದೆ" ಎನ್ನುತ್ತೇವೆ. ಸಾಮಾನ್ಯವಾಗಿ ಒಬ್ಬರೇ ಮಾಡಿದ ಕೆಲಸಗಳನ್ನು ಕೂಡಿಸಲು ‘ಬಂದು’, ‘ಹೋಗಿ’ ಬರುತ್ತವೆ. ಹಾಗಾದರೆ "ಮಳೆ ಬಂದು ಕೆರೆ ತುಂಬಿತು" ಎಂಬುದು ಹೇಗೆ ಸರಿಯಾಯಿತು? ಬಂದದ್ದು ಮಳೆ, ತುಂಬಿದ್ದು ಕೆರೆ! ಮಳೆ ಬಂದದ್ದಕ್ಕೇ ಕೆರೆ ತುಂಬಿತು. ಒಂದು ಇನ್ನೊಂದಕ್ಕೆ ಕಾರಣವಾದರೆ ಕನ್ನಡ ಅಷ್ಟು ಸಲಿಗೆ ಕೊಡುತ್ತದೆ. ಈ ನಿಯಮವನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ನಿಮ್ಮ ಕಿವಿಗೆ ಮೊದಲೇ ಗೊತ್ತಿತ್ತು. ನನಗೆ ಎಷ್ಟು ಸಲ ಯೋಚಿಸಿದರೂ ಅಚ್ಚರಿಯೆನಿಸುವ ಸಂಗತಿ ಇದು.

ಈ ಕಟ್ಟುವಿಕೆ ನಿನ್ನೆ ಮೊನ್ನೆಯದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಬೆಟ್ಟದ ಎದುರಿಗೆ ಚಿಕ್ಕಬೆಟ್ಟವಿದೆ. ಅಲ್ಲಿನ ಬಂಡೆಯ ಮೇಲೆ 7ನೆಯ ಶತಮಾನದ ಶಾಸನಗಳಿವೆ. ವ್ರತ ಹಿಡಿದು ದೇಹ ಬಿಟ್ಟ ಜೈನ ಮುನಿಗಳ ನೆನಪಿಗೆ ಕೆತ್ತಿದವು. ಅವುಗಳಲ್ಲಿ ‘ನೋನ್ತು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ವ್ರತವನ್ನು ಆಚರಿಸಿ ಎಂದರ್ಥ. ನಮ್ಮ ‘ಬಂದು’, ‘ತಿಂದು’ಗಳ ಹಾಗೆಯೇ ಅದೂ ಕೊನೆಯ ಮಾತಿಗಾಗಿ ಕಾದು ನಿಂತಿದೆ. ಅಂದರೆ ನೀವು ಇವತ್ತು ವಾಕ್ಯ ಕಟ್ಟುವ ಹಾಗೆಯೇ 1,300 ವರ್ಷದ ಹಿಂದೆಯೂ ಇದೇ ಸೀಮೆಯಲ್ಲಿ ಕಟ್ಟುತ್ತಿದ್ದರು!

ಈಗ ಕೇಳಿ, ಕನ್ನಡದ ಬಗೆ, ಇಂಗ್ಲಿಷಿನ ಬಗೆ ಎರಡನ್ನೂ ಬಲ್ಲ ನಮ್ಮೂರಿನವರೊಬ್ಬರ ಸುದ್ದಿ. 1908ರಲ್ಲಿ ಹಾಸನದಲ್ಲಿ ರಾಜಾರಾವ್ ಎಂಬವರು ಹುಟ್ಟಿದರು. ಮನೆಮಾತು ಕನ್ನಡ. ದೊಡ್ಡವರಾಗಿ ಫ್ರಾನ್ಸಿಗೆ ಓದಲು ಹೋದರು. 1938ರಲ್ಲಿ ಅವರ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು. ಗಾಂಧೀಜಿಯ ಚಳವಳಿ ಒಂದು ಪುಟ್ಟ ಹಳ್ಳಿಗೆ ಬಂದ ಕತೆ ಅದು. ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಅಲ್ಲಿ ಹರಿಯುವ ಹೊಳೆಯ ಹೆಸರು ಕೇಳಿದರೆ ಹೊಳೆನರಸೀಪುರದ ಮಕ್ಕಳಿಗೆ ತಮ್ಮ ಹೇಮಾವತಿಯೇ ನೆನಪಾಗುತ್ತಾಳೆ.

ಅಚ್ಚಕ್ಕನಿಗೆ ಬರುವುದು ಕನ್ನಡ, ಪುಸ್ತಕವಿರುವುದು ಇಂಗ್ಲಿಷಿನಲ್ಲಿ. ನಮ್ಮ ಅಜ್ಜಿಯರು ‘ಹೋಗಿ, ಬಂದು, ನೋಡಿ’ ಎಂದು ಉಸಿರು ಬಿಡದೆ ಕತೆ ಹೇಳುವ ಓಟವನ್ನು ಇಂಗ್ಲಿಷಿಗೆ ತರುವುದು ಹೇಗೆ? ರಾಜಾರಾವ್ ‘ಆಂಡ್’ ಎಂಬ ಆ ಪುಟ್ಟ ದಾರವನ್ನೇ ಕೈಗೆತ್ತಿಕೊಂಡರು. ಒಂದು ಸಂಗತಿ, ಆಂಡ್, ಇನ್ನೊಂದು ಸಂಗತಿ, ಆಂಡ್, ಮತ್ತೊಂದು. ಹೀಗೆ ಕಟ್ಟುತ್ತಾ ಹೋದರೆ ಒಂದೊಂದು ವಾಕ್ಯ ಹತ್ತಾರು ಸಾಲು ಓಡುತ್ತದೆ. ನಮ್ಮ ಬದುಕಿನ ಲಯ ಇಂಗ್ಲಿಷಿನ ಒಳಗೂ ಬರಬೇಕು ಎಂದು ಅವರು ಪುಸ್ತಕದ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಇಂಗ್ಲಿಷಿನ ದಾರದಲ್ಲಿ ಕನ್ನಡದ ಓಟವನ್ನು ಕಟ್ಟಿದ ಆ ಕಾದಂಬರಿಯನ್ನು ಇಂದಿಗೂ ಕಾಲೇಜುಗಳಲ್ಲಿ ಓದುತ್ತಾರೆ.

ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ವಾಕ್ಯ ಕೊಟ್ಟು ಕೂಡಿಸಿ ಎಂದು ಕೇಳಿದಾಗ ಗಾಬರಿಯಾಗಬೇಡಿ. ಮೊದಲು ಅದನ್ನೇ ಕನ್ನಡದಲ್ಲಿ ಹೇಳಿಕೊಳ್ಳಿ. ತುದಿಯಲ್ಲಿ ‘ದರೆ’ ಬಂದರೆ ಇಫ್, ‘ದರೂ’ ಬಂದರೆ ಆಲ್ದೋ, ‘ದಾಗ’ ಬಂದರೆ ವೆನ್, ‘ದ್ದರಿಂದ’ ಬಂದರೆ ಬಿಕಾಸ್. ಆಮೇಲೆ ಎರಡೂ ಕಡೆಯ ಕ್ರಿಯಾಪದ ಪೂರ್ತಿಯಾಗಿದೆಯೇ ಎಂದು ನೋಡಿ. ಅರಕಲಗೂಡಿನ ಹುಡುಗಿಗಾಗಲಿ ಹಾಸನದ ಹುಡುಗನಿಗಾಗಲಿ ಇದು ಹೊರೆಯಲ್ಲ. ಅರ್ಧ ಕೆಲಸವನ್ನು ಮನೆಮಾತು ಆಗಲೇ ಮಾಡಿಟ್ಟಿರುತ್ತದೆ.