ಬರಕ್ಕೆ ಮುಂಚಿನ ಹಣ

ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತು ನೀರನ್ನು ನೋಡಿ ಸಂತೋಷಪಡದವರು ಯಾರು? ಆದರೆ ಆ ಕಲ್ಲುಕಟ್ಟಡದ ಹಿಂದೆ ಒಂದು ದೊಡ್ಡ ದುಃಖದ ನೆನಪುಂಟು. ಧಾತು, ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 78ರವರೆಗಿನ ಕ್ಷಾಮವನ್ನು, ನಮ್ಮ ಹಿರಿಯರು ಮರೆಯಲಿಲ್ಲ. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು.

ಗಂಜಿಕೇಂದ್ರ ತೆರೆದರೆ ಆ ಹೊತ್ತಿನ ಹಸಿವು ತಣಿಯಬಹುದು; ಮುಂದಿನ ಬರ ತಪ್ಪೀತೆ? ಈ ಪ್ರಶ್ನೆಗೆ ಉತ್ತರವೋ ಎಂಬಂತೆ 1898ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ, ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಮೊದಲಾಯಿತು. 1907ರಲ್ಲಿ ಮುಗಿಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಅದು. ಬರ ಬಂದಮೇಲೆ ಕೊಡುವ ಹಣ ಬೇರೆ, ಬರುವ ಮುಂಚೆ ತೊಡಗಿಸುವ ಹಣ ಬೇರೆ ಎಂಬುದನ್ನು ಆ ಕಟ್ಟೆ ಇಂದಿಗೂ ಸಾರುತ್ತಿದೆ.

ಈಚಿನ ಮಾತಿಗೆ ಬರೋಣ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. 2024ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ಏಪ್ರಿಲ್ ಕೊನೆಗೆ ದೊರೆತದ್ದು 3,454 ಕೋಟಿ. ಅಷ್ಟು ಹೊತ್ತಿಗೆ ಮುಂಗಾರು ಬಿತ್ತಿ ಕಳೆದುಕೊಂಡ ರೈತನು ಮುಂದಿನ ಮುಂಗಾರಿನ ಬೀಜಕ್ಕೆ ಸಾಲ ಹುಡುಕಬೇಕಾಗಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದರು ಎಂಬ ಗಾದೆಯನ್ನು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮುಂಚಿತವಾಗಿ ಖರ್ಚುಮಾಡಲು ಹಣವೇ ಇಲ್ಲವೆ? ಉಂಟು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 26ರವರೆಗಿನ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯನ್ನು ಹೀಗೆ ಹಂಚಿತು: ಪ್ರತಿ 100 ರೂಪಾಯಿಯಲ್ಲಿ 40 ತಕ್ಷಣದ ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಮುನ್ಸಿದ್ಧತೆಗೆ, 20 ವಿಪತ್ತಿನ ಪೆಟ್ಟನ್ನೇ ತಗ್ಗಿಸುವ ಕೆಲಸಕ್ಕೆ. ನಮ್ಮಂಥ ರಾಜ್ಯದಲ್ಲಿ ಇದರ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಪರಿಹಾರದ 40 ರೂಪಾಯಿಯನ್ನು ಕೇಳುವವರು ಬಹಳ. ಕೊನೆಯ 20 ರೂಪಾಯಿಯನ್ನು ಕೇಳುವವರು ವಿರಳ.

ವಿಪತ್ತೆಂದರೆ ನಮಗೆ ಬರವೊಂದೇ ಎಂದೂ ತಿಳಿಯಬಾರದು. 1933ರಲ್ಲಿ ಕೋಡಿಬಿದ್ದ ಮಾರಿಕಣಿವೆ ಮತ್ತೆ ಕೋಡಿಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಜನ ಬಾಗಿನ ಹಿಡಿದು ಸಂಭ್ರಮಿಸಿದರು. ಅದೇ ವೇಳೆ ಹೊಸದುರ್ಗದ ಕಡೆ ಹಿನ್ನೀರು ತೋಟಹೊಲಗಳಿಗೆ ನುಗ್ಗಿತು. ತೊಂಬತ್ತು ವರ್ಷ ಬಾರದ ನೀರಿನ ದಾರಿಯನ್ನು ನೆನಪಿಡುವವರಾರು? ಅದನ್ನು ಗುರುತುಮಾಡಿ ಇಡುವುದೂ ಮುನ್ಸಿದ್ಧತೆಯೇ.

ನಾವು ಮಾಡಬೇಕಾದದ್ದೇನು? 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೂ ಒಂದು ಯೋಜನೆಯೂ ಇರತಕ್ಕದ್ದು. ನಮ್ಮೂರ ಕೆರೆಯ ಹೂಳು, ಮುಚ್ಚಿಹೋದ ರಾಜಕಾಲುವೆ, ಮೇವಿನ ದಾಸ್ತಾನು, ಇವು ಆ ಯೋಜನೆಯಲ್ಲಿ ಸೇರಿವೆಯೇ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಪಟ್ಟಣದಲ್ಲಿರುವ ನಾವೂ ನಮ್ಮ ವಾರ್ಡಿನಲ್ಲಿ ಕೇಳಬೇಕು. ನಲ್ಲಿಯಲ್ಲಿ ಬರುವ ನೀರು ಯಾವುದೋ ಕೆರೆಯದು, ಯಾವುದೋ ಕಣಿವೆಯದು. ಕೇಳುವ ಕಾಲ ಬೇಸಗೆಯಲ್ಲ, ಕೆರೆಯಲ್ಲಿ ಇನ್ನೂ ನೀರಿರುವಾಗ. ಮಾರಿಕಣಿವೆಯನ್ನು ಕಟ್ಟಿದವರು ಮುಂದಿನ ಬರಕ್ಕಾಗಿ ಕಾಯಲಿಲ್ಲ, ನಾವೂ ಕಾಯಬೇಕಾಗಿಲ್ಲ.