ಜ್ವರದ ಮಾತ್ರೆ ಮತ್ತು ಪಿತ್ತಜನಕಾಂಗ



ಜ್ವರ ಬಂದೊಡನೆ ಬಹುತೇಕ ಮನೆಗಳಲ್ಲಿ ಮೊದಲು ನೆನಪಾಗುವುದು ಪ್ಯಾರಸಿಟಮಾಲ್ ಮಾತ್ರೆ. ಮಿತಿಯಲ್ಲಿ ಸೇವಿಸಿದರೆ ಇದು ಬಹುಮಟ್ಟಿಗೆ ನಿರಪಾಯಕರವಾದ ಔಷಧಿ. ಮಿತಿ ಮೀರಿದಾಗ ಇದೇ ಔಷಧಿಯು ಪಿತ್ತಜನಕಾಂಗವನ್ನು ನಾಶಗೊಳಿಸುವ ಬಗೆಯನ್ನು ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗಗಳಿಂದ 1973ರಲ್ಲಿ ವಿವರಿಸಿದರು.

ದೇಹವನ್ನು ಸೇರಿದ ಔಷಧಿಯ ಬಹುಪಾಲನ್ನು ಪಿತ್ತಜನಕಾಂಗವು ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತದೆ. ಅದು ಮೂತ್ರದ ಮೂಲಕ ಹೊರಹೋಗುತ್ತದೆ. ಅಲ್ಪಾಂಶವೊಂದು ಮಾತ್ರ ಕಿಣ್ವಗಳ ಕ್ರಿಯೆಯಿಂದ ಉಗ್ರ ವಿಷವಾಗುತ್ತದೆ. ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ಅಣುವು ಈ ವಿಷವನ್ನು ಹಿಡಿದು ನಿರುಪದ್ರವಿಯಾಗಿಸುತ್ತದೆ. ಆದರೆ ಈ ರಕ್ಷಕನ ದಾಸ್ತಾನು ಮಿತವಾದುದು. ಅದು ಬರಿದಾದಾಗ ವಿಷವು ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಕೆಟ್ಟು, ಕೋಶವೇ ಸಾಯುತ್ತದೆ. ನಿತ್ಯ ಮದ್ಯಪಾನ ಮಾಡುವವರಲ್ಲಂತೂ ವಿಷವನ್ನು ತಯಾರಿಸುವ ಕಿಣ್ವ ಹೆಚ್ಚು, ರಕ್ಷಕ ಅಣು ಕಡಿಮೆ.

ಮೊದಲ ದಿನ ವಾಕರಿಕೆಯ ಹೊರತು ಏನೂ ಕಾಣದಿರಬಹುದು. ಕಾಮಾಲೆ ತಲೆದೋರುವ ವೇಳೆಗೆ ಹಾನಿ ಬಹಳಷ್ಟು ಮುಂದುವರಿದಿರುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷವು ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ. 8 ಗಂಟೆಗಳೊಳಗೆ ಕೊಟ್ಟಲ್ಲಿ ಅದರ ಫಲ ಅತ್ಯುತ್ತಮ, ತಡವಾದರೂ ವ್ಯರ್ಥವಲ್ಲ.

ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ, ಎಂದರೆ 500 ಮಿಲಿಗ್ರಾಂನ 8 ಮಾತ್ರೆ. ಮಕ್ಕಳಿಗೆ, ಮದ್ಯವ್ಯಸನಿಗಳಿಗೆ, ಪಿತ್ತಜನಕಾಂಗದ ರೋಗಿಗಳಿಗೆ ಎಷ್ಟೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಬೇರೆ ಬೇರೆ ವ್ಯಾಪಾರನಾಮಗಳಡಿ ಇದೇ ಔಷಧಿ ಅಡಗಿರುವುದರಿಂದ ಎಣಿಕೆ ತಪ್ಪುವುದು ಸುಲಭ. ಹಾಗೆ ತಪ್ಪಿದಲ್ಲಿ, ಯಾವ ತೊಂದರೆ ಕಾಣದಿದ್ದರೂ, ಮಾತ್ರೆಯ ಪಟ್ಟಿಯೊಡನೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.